ಮಕ್ಕಳೊಡನೆ ಬಂದರಿಗೆ ಒಂದು ದಿನ

ನಮ್ಮ ತೋಟದ ಮನೆಗಳ ಮಕ್ಕಳು ಮಂಗಳೂರು ಕಾಣದವರೇನಲ್ಲ. ಹಲ್ಲುನೋವಿಗೆ, ಕನ್ನಡಕಕ್ಕೆ, ಮದುವೆಯ ಜವಳಿಗೆ, ಶಾಲೆಯ ಸಮವಸ್ತ್ರಕ್ಕೆ ಎಂದು ವರ್ಷಕ್ಕೆ ನಾಲ್ಕಾರು ಸಲ ಅವರೂ ಪೇಟೆಗೆ ಬರುತ್ತಾರೆ. ಬಂದಾಗಲೆಲ್ಲ ಅವರಿಗೆ ಸಿಗುವ ಕೆಲಸ ಮಾತ್ರ ಒಂದೇ: ಕಾಯುವುದು. ಬ್ಯಾಂಕಿನ ಬೆಂಚಿನ ಮೇಲೆ, ವೈದ್ಯರ ಕೋಣೆಯ ಹೊರಗೆ, ಸೀರೆ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ. ಅಪ್ಪನ ಚೀಟಿಯಲ್ಲಿ ಒಂಬತ್ತು ಕೆಲಸ, ಅಮ್ಮನ ಚೀಟಿಯಲ್ಲಿ ಆರು. ಎಲ್ಲ ಮುಗಿದು ಹೊತ್ತು ಉಳಿದರೆ ಐಸ್‌ಕ್ರೀಂ ಎಂದು ಬೆಳಗ್ಗೆಯೇ ಮಾತು ಕೊಟ್ಟಿರುತ್ತೇವೆ. ಹೊತ್ತು ಉಳಿಯುವುದಿಲ್ಲ. ಹೊರಟ ಬಸ್ಸಿನ ಮೆಟ್ಟಿಲಿನಲ್ಲಿ ಕರಗುವ ಐಸ್‌ಕ್ರೀಮನ್ನು ಅಂಗಿಗೆ ಸುರಿಸಿಕೊಂಡು, ಬೈಸಿಕೊಂಡು, ಬಿ.ಸಿ. ರೋಡು ದಾಟುವ ಮೊದಲೇ ನಿದ್ದೆಹೋದ ಮಗುವನ್ನು ನಾವೆಲ್ಲ ಮಡಿಲಲ್ಲಿಟ್ಟುಕೊಂಡು ಬಂದವರೇ.

ಮಕ್ಕಳಿಗೆಂದೇ ಒಂದು ದಿನ ತೆಗೆದಿಡಬೇಕೆಂಬ ಮಾತು ಈಚೆಗೆ ಸದಸ್ಯರ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ತೆಗೆದಿಟ್ಟ ದಿನ ಎಲ್ಲಿಗೆ ಹೋಗುವುದು ಎಂದರೆ ಮಾಲ್, ಇಲ್ಲವೇ ಕಡಲ ಕಿನಾರೆ. ಎರಡೂ ಕೆಟ್ಟ ಜಾಗವೆಂದು ನಾವು ಹೇಳುವುದಿಲ್ಲ. ಆದರೆ ಅಡಿಕೆ, ಕಾಫಿ ಬೆಳೆಯುವ ಮನೆಯ ಮಕ್ಕಳಿಗೆ ಮಂಗಳೂರಿನಲ್ಲಿ ಮೊದಲು ತೋರಿಸಬೇಕಾದ ಜಾಗ ಯಾವುದು ಎಂದು ಕೇಳಿದರೆ, ಬಂದರು ಎನ್ನುತ್ತೇವೆ. ಪಣಂಬೂರಿನ ಹೊಸ ಬಂದರಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹತ್ತು ನಿಮಿಷ ಪಶ್ಚಿಮಕ್ಕೆ ನಡೆದರೆ ಸಿಗುವ, ಲಾರಿ, ಗೋಣಿ, ಒಣಮೀನು, ಮೆಣಸಿನ ಘಾಟು ಎಲ್ಲ ಒಟ್ಟಾಗಿರುವ ಹಳೆಯ ಬಂದರ್.

ಅಲ್ಲಿ ಮಕ್ಕಳಿಗೆ ನೋಡಲು ಏನುಂಟು ಎಂದು ಕೇಳುವವರಿದ್ದಾರೆ. ಕಾರಣ ಹೇಳುತ್ತೇವೆ. ನಮ್ಮ ಮಕ್ಕಳು ಊಟದ ಹೊತ್ತಿನಲ್ಲಿ ತೋಟದ ಬಗ್ಗೆ ಕೇಳುವುದೆಲ್ಲ ದೂರೇ. ಕೊಳೆರೋಗ, ಎಲೆಚುಕ್ಕಿ, ಹಳದಿ ಎಲೆ ರೋಗ, ಮಂಗನ ಕಾಟ, ಕೊಯ್ಲಿಗೆ ಜನ ಇಲ್ಲ, ದರ ಬಿತ್ತು. ಅಂಗಳದಿಂದ ಪಿಕಪ್‌ನಲ್ಲಿ ಹೊರಟ ಗೋಣಿ ಎಲ್ಲಿಗೆ ಹೋಯಿತು, ಅದನ್ನು ಯಾರು ಬಿಚ್ಚಿದರು, ಯಾರು ಆರಿಸಿದರು, ಯಾವ ಊರಿನ ಬಾಯಿಗೆ ಸೇರಿತು ಎಂಬುದು ಅವರಿಗೆ ತಿಳಿಯದು. ದರ ಎಂದರೆ ಮೊಬೈಲಿನಲ್ಲಿ ಬರುವ ಒಂದು ಅಂಕಿ. ಇನ್ನು ಹತ್ತು ಹದಿನೈದು ವರ್ಷದಲ್ಲಿ ತೋಟ ಇಟ್ಟುಕೊಳ್ಳುವುದೋ ಕೊಡುವುದೋ ಎಂದು ತೀರ್ಮಾನಿಸುವವರು ಇದೇ ಮಕ್ಕಳು. ಹಿರಿಯರಿಬ್ಬರೇ ಉಳಿದ ಮನೆಗಳು ನಮ್ಮ ಪ್ರತಿಯೊಂದು ಗ್ರಾಮದಲ್ಲೂ ಇವೆ. ಒಂದು ದಿನದ ತಿರುಗಾಟದಿಂದ ಯಾರೂ ಊರಲ್ಲಿ ಉಳಿಯುತ್ತಾರೆಂಬ ಭ್ರಮೆ ನಮಗಿಲ್ಲ. ಬಿಡುವವರು ಏನನ್ನು ಬಿಡುತ್ತಿದ್ದೇವೆಂದಾದರೂ ಕಂಡು ಬಿಡಲಿ ಎಂಬಷ್ಟೇ ನಮ್ಮ ಆಸೆ.

ಮನೆ ಬಿಡುವುದೇ ದೊಡ್ಡ ಕೆಲಸ

ಪೇಟೆಯವರಿಗೆ ಒಂದು ದಿನ ಹೊರಗೆ ಹೋಗುವುದೆಂದರೆ ಬಾಗಿಲಿಗೆ ಬೀಗ ಹಾಕಿದರೆ ಮುಗಿಯಿತು. ನಮ್ಮಲ್ಲಿ ಹಾಗಲ್ಲವಷ್ಟೆ. ಹಟ್ಟಿಯಲ್ಲಿ ಕರೆಯುವ ದನ, ಅಂಗಳದಲ್ಲಿ ಒಣಗುವ ಅಡಿಕೆ, ಕರೆಂಟು ಬಂದಾಗ ಹಾಕಬೇಕಾದ ಪಂಪು, ಬಾಳೆಗೊನೆಯ ಮೇಲೆ ಕಣ್ಣಿಟ್ಟ ಮಂಗ. ಮನೆಮಂದಿಯೆಲ್ಲ ಒಟ್ಟಿಗೆ ಹೊರಟ ದಿನವನ್ನು ಲೆಕ್ಕ ಹಾಕಿದರೆ ಬೆರಳೆಣಿಕೆಯಷ್ಟೂ ಸಿಗಲಿಕ್ಕಿಲ್ಲ. ಹಾಗಾಗಿ ಅಪ್ಪ ಹೋದರೆ ಅಮ್ಮ ಇಲ್ಲ, ಅಮ್ಮ ಹೋದರೆ ಅಪ್ಪ ಇಲ್ಲ.

ಇದಕ್ಕೆ ನಾವು ಕಂಡ ದಾರಿ ಹಳೆಯದೇ, ಮುಯ್ಯಾಳು. ಹಿಂದೆ ನೇಜಿಗೆ, ಕೊಯ್ಲಿಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ದುಡಿದು ಮುಯ್ಯಿ ತೀರಿಸುತ್ತಿದ್ದರು. ಅದನ್ನೇ ತಿರುಗಾಟಕ್ಕೂ ಮಾಡಿಕೊಳ್ಳಬಹುದು. ಈ ಶನಿವಾರ ನೆರೆಮನೆಯವರು ನಮ್ಮ ದನ ಕರೆದು, ಮೋಡ ಕಂಡರೆ ಅಡಿಕೆಗೆ ಟಾರ್ಪಾಲು ಎಳೆಯಲಿ. ಮುಂದಿನ ಶನಿವಾರ ಅವರ ಮನೆಗೆ ನಾವು. ಒಂದು ದಿನದ ಸಂಬಳ ಕೊಡುತ್ತೇವೆಂದರೆ ಯಾರೂ ಸಿಗದ ಈ ಕಾಲದಲ್ಲಿ ಮುಯ್ಯಿಗೆ ಜನ ಸಿಗುತ್ತಾರೆ. ಹಾಗೆಯೇ ಬುತ್ತಿ ಕಟ್ಟುವುದರ ವಿಷಯ. ಅಮ್ಮ ಬೆಳಗ್ಗೆ ನಾಲ್ಕಕ್ಕೆ ಎದ್ದು ಎರಡು ಹೊತ್ತಿನ ತಿಂಡಿ ಮಾಡಿ, ಮನೆಯಲ್ಲಿ ಉಳಿಯುವವರಿಗೆ ಸಾರು ಪಲ್ಯ ಮಾಡಿಟ್ಟು ಹೊರಡಬೇಕೆಂದಾದರೆ ಆ ದಿನ ಅವರ ಪಾಲಿಗೆ ರಜೆಯಲ್ಲ. ಒಂದು ಬಾಟಲಿ ನೀರು, ಸ್ವಲ್ಪ ಮಜ್ಜಿಗೆ, ನಾಲ್ಕು ಬಾಳೆಹಣ್ಣು ಸಾಕು. ಉಳಿದದ್ದು ಹೋಟೆಲಿನಲ್ಲಾಗಲಿ.

ಯಾವಾಗ ಹೋಗುವುದು? ದಸರೆ ರಜೆಯ ಮೊದಲ ದಿನಗಳು ಎಲ್ಲಕ್ಕಿಂತ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಮಳೆ ಹಿಂದೆ ಸರಿದಿರುತ್ತದೆ, ಅಡಿಕೆ ಮೊದಲ ಕೊಯ್ಲಿಗೆ ಬಂದಿರುವುದಿಲ್ಲ, ಅರೇಬಿಕಾ ಹಣ್ಣಾಗಲು ಇನ್ನೂ ಸಮಯವಿದೆ, ಮೀನುಗಾರಿಕೆ ಭರದಲ್ಲಿರುತ್ತದೆ. ನವರಾತ್ರಿಯ ಕೊನೆಯ ದಿನಗಳು ಮಾತ್ರ ಬೇಡ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರ ಬಂದರಿನ ಮಗ್ಗುಲಲ್ಲೇ ಇದೆ, ಅಲ್ಲಿನ ದಸರೆಯ ಜನಸಂದಣಿಯಲ್ಲಿ ಸಣ್ಣ ಮಕ್ಕಳನ್ನು ಹಿಡಿದುಕೊಳ್ಳುವುದೇ ಕೆಲಸವಾದೀತು. ಎಪ್ರಿಲ್, ಮೇ ರಜೆಯಲ್ಲಿ ಹೋಗುವವರು ಹನ್ನೊಂದು ಗಂಟೆಯೊಳಗೆ ಹೊರಗಿನ ನಡಿಗೆ ಮುಗಿಸಬೇಕು. ಕರಾವಳಿಯ ಸೆಕೆ ಮಲೆನಾಡಿನ ಮಕ್ಕಳಿಗೆ ಅಭ್ಯಾಸವಿಲ್ಲ, ತಲೆನೋವು, ವಾಂತಿಗೆ ತಿರುಗುತ್ತದೆ.

ವಾರದ ದಿನವೂ ಮುಖ್ಯ. ಭಾನುವಾರ ಬಂದರಿನ ಬೀದಿಗಳು ಖಾಲಿ, ನಡೆಯಲು ಸುಲಭ, ಆದರೆ ಮಂಡಿಗಳಿಗೆ ಬಾಗಿಲು. ಮುಚ್ಚಿದ ಬಾಗಿಲು ನೋಡಲು ಐವತ್ತು ಕಿಲೋಮೀಟರ್ ಬರಬೇಕಾಗಿಲ್ಲ. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜಿನ ಹೊತ್ತು. ಶನಿವಾರ ಬೆಳಗ್ಗೆ ಸರಿಯಾದೀತು.

ಪುತ್ತೂರು ಕಡೆಯಿಂದಲೂ ಕಾಸರಗೋಡು ಕಡೆಯಿಂದಲೂ ಬರುವವರಿಗೆ ರೈಲು ಉಂಟು. ಬಸ್ಸಿಗಿಂತ ತುಸು ಹೊತ್ತು ಹೆಚ್ಚು ಹಿಡಿದರೂ ಮಕ್ಕಳೊಡನೆ ರೈಲೇ ಮೇಲು. ಓಡಾಡಬಹುದು, ವಾಂತಿಯ ಭಯವಿಲ್ಲ, ಶೌಚಾಲಯ ಇದೆ. 1907ರಲ್ಲಿ ರೈಲು ಬಂದು ಮುಟ್ಟಿದ ಮಂಗಳೂರು ಸೆಂಟ್ರಲ್‌ನಿಂದ ಬಂದರು ದೂರವಿಲ್ಲ. ಕಾಸರಗೋಡಿನಿಂದ ಬರುವ ರೈಲು ಉಳ್ಳಾಲ ಕಳೆದು ನೇತ್ರಾವತಿ ಸೇತುವೆಗೆ ಹತ್ತುವಾಗ ಮಕ್ಕಳನ್ನು ಪಶ್ಚಿಮದ ಕಿಟಕಿಯಲ್ಲಿ ಕೂರಿಸಿ; ಹೊಳೆ ಅಗಲವಾಗಿ ಕಡಲ ಕಡೆಗೆ ಹೋಗುವುದು ಕಾಣುತ್ತದೆ, ಮುಂದೆ ದೋಣಿಯಿಂದ ನೋಡುವುದಕ್ಕೆ ಅದೇ ಪೀಠಿಕೆ. ಸರಕಾರಿ ಬಸ್ಸಿನಲ್ಲಿ ಬರುವುದಾದರೆ, 2023ರ ಜೂನ್‌ನಿಂದ ಕರ್ನಾಟಕದ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೇಟಿಲ್ಲ. ವಿಳಾಸವಿರುವ ಗುರುತಿನ ಚೀಟಿ ಮರೆಯಬಾರದು. ಮಡಿಕೇರಿ, ಮೂಡಿಗೆರೆ ಕಡೆಯವರು ಒಂದೇ ದಿನದಲ್ಲಿ ಹೋಗಿಬರುವ ಹಟ ಮಾಡುವುದು ಬೇಡ. ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಉಳಿದರೆ ಘಾಟಿಯ ಸುಸ್ತು ಕಳೆದು ಮಕ್ಕಳು ಗೆಲುವಾಗಿರುತ್ತಾರೆ. ಐದು ವರ್ಷದೊಳಗಿನ ಮಗುವಿದ್ದರೆ ಅದನ್ನು ಅಜ್ಜಿಯೊಡನೆ ಬಿಡಿ. ಬಂದರು ಎತ್ತಿಕೊಂಡು ತಿರುಗುವ ಜಾಗವಲ್ಲ.

ಇನ್ನೊಂದು ಮಾತು, ಇದೇ ಕಷ್ಟದ್ದು. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬಾರದು. ಪಂಪಿನ ಬಿಡಿಭಾಗ, ವಿಮೆಯ ಕಂತು, ಕಣ್ಣಿನ ಡಾಕ್ಟರು, ಹೇಗೂ ಹೋಗುತ್ತೇವಲ್ಲ ಎಂದು ಒಂದನ್ನು ಸೇರಿಸಿದರೆ ಬಾಲದಂತೆ ಇನ್ನು ನಾಲ್ಕು ಬರುತ್ತವೆ. ಇದಕ್ಕೆ ಒಂದೇ ವಿನಾಯಿತಿ, ಅಡಿಕೆಯ ಕೆಲಸ. ಅದರಲ್ಲಿ ಮಕ್ಕಳಿಗೂ ಪಾಲುಂಟು.

ಬೆಳಗ್ಗಿನ ಬಂದರ್

ಹೊರಡುವ ಹಿಂದಿನ ದಿನ ಒಂದು ಸಣ್ಣ ಬಟ್ಟೆಚೀಲದಲ್ಲಿ ಮನೆಯ ಅಡಿಕೆಯನ್ನು ಬಗೆಬಗೆಯಾಗಿ ಐದೈದು ಹಾಕಿ ಮಕ್ಕಳ ಕೈಗೆ ಕೊಡಿ: ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು. ಕಾಫಿಯ ಮನೆಯವರು ಪಾರ್ಚ್‌ಮೆಂಟ್, ಚೆರ್ರಿ ಒಂದೊಂದು ಹಿಡಿ. ಮಂಡಿಯ ಮುಂದೆ ನಿಂತು ತಮ್ಮ ಚೀಲದಲ್ಲಿರುವುದಕ್ಕೆ ಸರಿಯಾದ ರಾಶಿ ಯಾವುದು ಎಂದು ಅವರೇ ಹುಡುಕಲಿ. ಪರಿಚಯದ ಮಂಡಿಯಿದ್ದರೆ ಮೊದಲೇ ಒಂದು ಮಾತು ಹೇಳಿಡುವುದು ಒಳ್ಳೆಯದು. ಮೂರು ಹೊತ್ತೂ ಲೆಕ್ಕದಲ್ಲೇ ಮುಳುಗಿರುವ ಸಾಹುಕಾರರೂ ಮಕ್ಕಳು ಚೀಲ ಬಿಚ್ಚಿದರೆ ಕನ್ನಡಕ ಏರಿಸುತ್ತಾರೆ. ಅಡಿಕೆಯನ್ನು ಕತ್ತರಿಸಿ ಒಳಗಿನ ಬಿಳಿ ಗೆರೆ ತೋರಿಸಿ, ಇದು ಯಾಕೆ ಮೇಲು, ಅದು ಯಾಕೆ ಕೀಳು ಎಂದು ಹೇಳುವವರು ಸಿಕ್ಕಿದರೆ ಶಾಲೆಯ ಒಂದು ತಿಂಗಳ ಪಾಠಕ್ಕೆ ಅದು ಸಮ. ನೆಲದಲ್ಲಿ ಕೂತು ಅಡಿಕೆ ಆರಿಸುವ ಹೆಂಗಸರ ಕೈ ಓಡುವುದನ್ನು ಮಕ್ಕಳು ಬಾಯಿ ತೆರೆದು ನೋಡುತ್ತಾರೆ.

ಅಲ್ಲೇ ಹೇಳಬಹುದಾದ ಕತೆಯೊಂದಿದೆ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನೊಬ್ಬ ಈ ಊರಿನಲ್ಲಿದ್ದ. ಮೂಲ ಟ್ಯುನೀಸಿಯಾದವನು, 1132ರ ಹೊತ್ತಿಗೆ ಮಂಗಳೂರಿಗೆ ಬಂದು, 1149ರವರೆಗೆ ಇಲ್ಲಿ ವ್ಯಾಪಾರ ಮಾಡಿದ. ಏಡನ್‌ನಲ್ಲಿದ್ದ ಅವನ ಪಾಲುದಾರರು ಬರೆದ ಕಾಗದಗಳು ಕೈರೋ ನಗರದ ಹಳೆಯ ಸಿನಗಾಗಿನ ಉಗ್ರಾಣದಲ್ಲಿ ಶತಮಾನಗಳ ಕಾಲ ಬಿದ್ದುಕೊಂಡಿದ್ದು, ಆಮೇಲೆ ವಿದ್ವಾಂಸರ ಕೈಗೆ ಬಂದವು. ಇಲ್ಲಿಂದ ಹೋಗುತ್ತಿದ್ದ ಸರಕಿನಲ್ಲಿ ಮೆಣಸು, ಏಲಕ್ಕಿ, ಕಬ್ಬಿಣದ ಜತೆಗೆ ಅಡಿಕೆಯೂ ಉಂಟು. ಅಲ್ಲಿಂದ ಅವನಿಗೆ ಬರುತ್ತಿದ್ದದ್ದು ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ ಇಂಥವು. ಅವನ ಪರವಾಗಿ ಏಡನ್‌ವರೆಗೂ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ, ನಮ್ಮ ಕಡೆಯ ಹೆಸರೇ. ಆ ಬೊಮ್ಮನನ್ನು ಹುಡುಕಿಕೊಂಡು ಮಂಗಳೂರಿಗೂ ಬಂದ ಲೇಖಕ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಚಾಲಿಗೆ ದರ ಬರಲಿಲ್ಲವೆಂದು ನಾವು ಗೊಣಗುವ ಈ ಬೀದಿಯಿಂದ ಎಂಟುನೂರೈವತ್ತು ವರ್ಷಕ್ಕೂ ಹಿಂದೆ ಅಡಿಕೆ ಅರಬ್ಬೀ ಸಮುದ್ರ ದಾಟುತ್ತಿತ್ತೆಂದರೆ ಹತ್ತು ವರ್ಷದ ಹುಡುಗಿಗೂ ಕಿವಿ ನಿಮಿರುತ್ತದೆ. ಬಂದರ್ ಎಂಬ ಮಾತೇ ಪಾರ್ಸಿಯದು ಎಂಬುದನ್ನೂ ಸೇರಿಸಬಹುದು. ಹಡಗು ನಿಲ್ಲುವ ಜಾಗವೆಂದು ಅರ್ಥ.

ಮಕ್ಕಳು ದೊಡ್ಡವರಾದರೆ ಮುಂದಿನ ಕತೆಯೂ ಬೇಕು. 1970ರ ದಶಕದ ಆರಂಭದಲ್ಲಿ ಅಡಿಕೆಗೆ ಬೆಲೆ ಕುಸಿದು ಬೆಳೆಗಾರ ಕಂಗಾಲಾದಾಗ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲೇ ಕ್ಯಾಂಪ್ಕೋ ಹುಟ್ಟಿತು. ಎರಡು ರಾಜ್ಯಗಳ ಬೆಳೆಗಾರರು ಒಂದೇ ಸಂಘದಲ್ಲಿ ಸೇರಿದರು. ಅಜ್ಜಂದಿರಲ್ಲಿ ಕೇಳಿದರೆ ಅದಕ್ಕೆ ಹಿಂದೆ ಬಂದರಿಗೆ ಅಡಿಕೆ ತಂದು ದರಕ್ಕಾಗಿ ಕಾದ ದಿನಗಳನ್ನು ಹೇಳಿಯಾರು. ನಡೆಯಲು ಆಗುವ ಅಜ್ಜ ಮನೆಯಲ್ಲಿದ್ದರೆ ಈ ತಿರುಗಾಟಕ್ಕೆ ಅವರನ್ನು ಖಂಡಿತ ಕರೆದುಕೊಂಡು ಹೋಗಿ. ನಾವು ಬರೆದದ್ದಕ್ಕಿಂತ ಹೆಚ್ಚು ಅವರಿಗೆ ಗೊತ್ತಿರುತ್ತದೆ, ಬಂದರಿನ ಮಣ್ಣು ಮೆಟ್ಟಿದ ಕೂಡಲೇ ನೆನಪಾಗುತ್ತದೆ ಕೂಡ.

ಕಾಫಿಯ ಮನೆಯ ಮಕ್ಕಳಿಗೆ ಹೇಳಲು ಇನ್ನೂ ಸ್ವಾರಸ್ಯದ ಸಂಗತಿಯಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಘಾಟಿ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಬಂದು, ಹದವಾಗಿ, ಹಡಗೇರುತ್ತಿತ್ತು. ಹಾಯಿ ಹಡಗಿನ ಕಾಲದಲ್ಲಿ ಆಫ್ರಿಕಾವನ್ನು ಸುತ್ತಿ ಯುರೋಪು ಮುಟ್ಟಲು ಆರು ತಿಂಗಳವರೆಗೂ ಹಿಡಿಯುತ್ತಿತ್ತು. ಹಡಗಿನ ಹೊಟ್ಟೆಯ ತೇವಕ್ಕೆ ಹಸಿರು ಬೀಜ ಉಬ್ಬಿ, ಹಳದಿಗೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಅಲ್ಲಿಯವರ ನಾಲಗೆಗೆ ಅದೇ ರುಚಿ ಹತ್ತಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗು ಬಂದು, ಪ್ರಯಾಣ ಕೆಲವೇ ವಾರಗಳಿಗೆ ಇಳಿದಾಗ ಬೀಜ ಹಸಿರಾಗಿಯೇ ತಲಪಿತು. ಗಿರಾಕಿಗಳು ಇದು ನಮ್ಮ ಕಾಫಿಯಲ್ಲ ಎಂದರು. ಹಳೆಯ ರುಚಿ ಬೇಕಲ್ಲ, ಕರಾವಳಿಯ ಗೋದಾಮುಗಳ ಬದಿ ತೆರೆದಿಟ್ಟು, ನೆಲದಲ್ಲಿ ಬೀಜ ಹರಡಿ, ಜೂನ್‌ನಿಂದ ಸೆಪ್ಟೆಂಬರಿನ ತನಕ ಮಳೆಗಾಳಿಗೆ ಒಡ್ಡಿ, ಮಗುಚಿ ಮಗುಚಿ ಅದೇ ಬಣ್ಣ ತರುವ ಪದ್ಧತಿ ಬೆಳೆಯಿತು. ಮಾನ್ಸೂನ್ಡ್ ಮಲಬಾರ್ ಎಂದು ಹೆಸರಾದ ಈ ಕಾಫಿ ಮಂಗಳೂರಿನಲ್ಲಿ ಈಗಲೂ ತಯಾರಾಗುತ್ತದೆ. ಅದರ ಅರೇಬಿಕಾಕ್ಕೆ 2008ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಕಣದ ಕಾಫಿಗೆ ಒಂದು ಹನಿ ಬಿದ್ದರೂ ನಾವು ಮನೆಮಂದಿಯೆಲ್ಲ ಓಡುತ್ತೇವೆ. ಇಲ್ಲಿ ಬೇಕೆಂದೇ ಮಳೆಗಾಳಿಗೆ ಇಟ್ಟು ಹೆಚ್ಚು ಬೆಲೆಗೆ ಮಾರುತ್ತಾರೆ ಎಂದರೆ ಮಕ್ಕಳು ನಂಬುವುದು ಕಷ್ಟ.

ಮಂಡಿಗಳಿಂದ ದಕ್ಕೆಯ ಕಡೆಗೆ ಬಂದರೆ ಹೊಳೆ ಕಾಣುತ್ತದೆ. ಮೀನು ತಿನ್ನದ ಮನೆಯವರು ಮೂಗಿಗೆ ಕರವಸ್ತ್ರ ಹಿಡಿದಾದರೂ ಒಮ್ಮೆ ನೋಡಬೇಕು. ಬೂತಾಯಿ, ಬಂಗುಡೆ ಬುಟ್ಟಿ ಬುಟ್ಟಿಯಾಗಿ ಇಳಿಯುವುದು, ಏಲಂ ಕೂಗುವುದು, ಐಸಿನ ದಿಮ್ಮಿ ಪುಡಿಯಾಗುವುದು ಎಲ್ಲ ಬೆಳಗ್ಗೆಯೇ. ನಮ್ಮ ತೆಂಗು ಕಂಗಿಗೆ ಹಿಂದಿನವರು ಹಾಕುತ್ತಿದ್ದ ಮೀನಿನ ಗೊಬ್ಬರವೂ ಈ ಕಡಲಿನದೇ. ಏಲಂ ನಡೆಯುವಲ್ಲಿ ಅಡ್ಡ ನಿಲ್ಲಬೇಡಿ. ಅಲ್ಲಿಯವರಿಗೆ ಅದು ಹೊತ್ತಿನ ಅನ್ನ. ಪಕ್ಕದ ದಂಡೆಯಲ್ಲಿ ಮಂಜಿಗಳು ನಿಂತಿರುವುದನ್ನು ತೋರಿಸಿ. ಲಕ್ಷದ್ವೀಪಕ್ಕೆ ಸಿಮೆಂಟು, ಇಟ್ಟಿಗೆ, ಅಕ್ಕಿ, ತರಕಾರಿ ಹೋಗುವುದು ಇಲ್ಲಿಂದ. ಬಾಳೆಗೊನೆ, ಕುಂಬಳಕಾಯಿ ಹಡಗು ಹತ್ತುವುದನ್ನು ನಾವು ಬೇರೆಲ್ಲಿ ನೋಡುವುದು!

ಬಂದರಿನ ಝೀನತ್ ಬಕ್ಷ್ ಜುಮ್ಮಾ ಮಸೀದಿ ದೇಶದ ಬಹು ಹಳೆಯ ಮಸೀದಿಗಳಲ್ಲೊಂದು. ಅರೇಬಿಯಾದಿಂದ ಬಂದ ಮಾಲಿಕ್ ದೀನಾರ್ ಪರಂಪರೆಯವರು ಸ್ಥಾಪಿಸಿದರೆಂದು ಪ್ರತೀತಿ. ಟಿಪ್ಪು ಸುಲ್ತಾನನ ಕಾಲದಲ್ಲಿ ನವೀಕರಣವಾಗಿ ಅವನ ಮಗಳ ಹೆಸರು ಬಂತೆನ್ನುತ್ತಾರೆ. ಒಳಗೆ ಮರದ ಕೆತ್ತನೆಯ ಕಂಬಗಳಿವೆ. ಒಳಗೆ ಹೋಗಬಹುದೇ ಎಂದು ಅಲ್ಲಿನವರಲ್ಲೇ ಕೇಳಿ, ಅವರು ಹೇಳಿದಂತೆ ನಡೆಯುವುದು.

ಹೊಳೆ ದಾಟಿ ಬೆಂಗ್ರೆಗೆ

ಇಷ್ಟು ಹೊತ್ತಿಗೆ ಸಣ್ಣವರಿಗೆ ಬೇಸರ ಹತ್ತಿರುತ್ತದೆ. ಆಗ ದೋಣಿ. ಬಂದರಿನಿಂದ ಬೆಂಗ್ರೆಗೆ ಆಚೀಚೆ ಹೋಗುವ ದೋಣಿ ಮಕ್ಕಳಿಗೆ ಇಡೀ ದಿನದ ಹಬ್ಬ. ದೊಡ್ಡ ಖರ್ಚೂ ಇಲ್ಲ, ಯಾಕೆಂದರೆ ಅದು ಪ್ರವಾಸಿಗಳ ದೋಣಿಯಲ್ಲ. ಆಚೆ ದಡದ ಜನ ಸಂತೆಗೆ, ಶಾಲೆಗೆ, ಕೆಲಸಕ್ಕೆ ದಾಟುವ ದಾರಿ. ಬೆಂಗ್ರೆಯೆಂದರೆ ಗುರುಪುರ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿ. ಫಲ್ಗುಣಿ ಎಂಬುದೂ ಇದೇ ಹೊಳೆಯ ಹೆಸರು. ದಕ್ಷಿಣಕ್ಕೆ ನೋಡಿದರೆ ಅಳಿವೆ. ಆ ಕಡೆಯಿಂದ ನೇತ್ರಾವತಿ ಬಂದು ಎರಡೂ ಒಟ್ಟಾಗಿ ಕಡಲು ಸೇರುತ್ತವೆ. ಪುತ್ತೂರು, ಬೆಳ್ತಂಗಡಿ, ಬಂಟ್ವಾಳ ಸೀಮೆಯ ಮಕ್ಕಳಿಗೆ, ನಮ್ಮ ತೋಡಿನ ನೀರು ಹೊಳೆ ಸೇರಿ ಕೊನೆಗೆ ಬರುವುದು ಇಲ್ಲಿಗೇ ಎಂದು ಬೆರಳು ತೋರಿಸಿ ಹೇಳಬಹುದು.

ಹಳೆಯ ಬಂದರನ್ನು ಬಿಟ್ಟು ಹೊಸದನ್ನು ಯಾಕೆ ಕಟ್ಟಿದರು ಎಂಬುದಕ್ಕೂ ಅಳಿವೆಯೇ ಉತ್ತರ. ಹೊಳೆ ತರುವ ಹೂಳಿಗೆ ಬಾಯಿಯಲ್ಲಿ ಮರಳ ದಿಬ್ಬ ಬೆಳೆದು ದೊಡ್ಡ ಹಡಗು ಒಳಗೆ ಬರಲಾರದು. ಉಗಿಹಡಗುಗಳು ಹೊರಗಿನ ಕಡಲಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು, ಸರಕು ಮಚ್ವೆಗಳಲ್ಲಿ ಹೋಗಿ ಹತ್ತಬೇಕಿತ್ತು. ಹಾಗಾಗಿ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಮಾಡಿದರು. 1974ರಲ್ಲಿ ಅದು ದೇಶದ ಒಂಬತ್ತನೆಯ ದೊಡ್ಡ ಬಂದರೆಂದು ಘೋಷಣೆಯಾಯಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ನಾವು ಬುಡಕ್ಕೆ ಹಾಕುವ ಪೊಟ್ಯಾಷ್ ಹೊರದೇಶದಿಂದಲೇ ಬರಬೇಕು, ಅಂಥ ಹಡಗು ಬರುವುದು ಅಲ್ಲಿಗೆ.

ನಮ್ಮ ಮಾಡಿನ ಹಂಚಿಗೂ ಈ ಹೊಳೆಗೂ ಸಂಬಂಧವಿದೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹೊಳೆಬದಿಯ ಜೇಡಿಮಣ್ಣು, ದೋಣಿಯ ಸಾಗಣೆ ಎರಡೂ ಕೈಗೆಟಕುವಂತಿದ್ದವು. ಇಲ್ಲಿನ ಹಂಚು ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾ, ಆಸ್ಟ್ರೇಲಿಯಾದವರೆಗೂ ಹೋಯಿತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಾ ಬಂದಿವೆ. ಹಳೆ ಹಟ್ಟಿಯ, ಕೊಟ್ಟಿಗೆಯ ಹಂಚೊಂದನ್ನು ತಿರುಗಿಸಿ ಅದರಲ್ಲಿ ಒತ್ತಿದ ಹೆಸರನ್ನು ಮಕ್ಕಳು ಮನೆಯಲ್ಲೇ ಓದಿಕೊಂಡು ಬಂದಿದ್ದರೆ ಇಲ್ಲಿ ಕತೆ ಹೇಳುವುದು ಸುಲಭ.

ದೋಣಿಯ ವಿಷಯದಲ್ಲಿ ನಾವು ಕಟ್ಟುನಿಟ್ಟು. ಜನ ಹೆಚ್ಚಾಗಿದ್ದರೆ ಹತ್ತಬೇಡಿ, ಮುಂದಿನದಕ್ಕೆ ಕಾಯಿರಿ. ಜೀವರಕ್ಷಕ ಅಂಗಿ ಇದ್ದರೆ ಕೇಳಿ ತೊಡಿಸಿ. ಹತ್ತುವಾಗ ಮೊದಲು ಒಬ್ಬ ದೊಡ್ಡವರು, ಕೊನೆಗೆ ಒಬ್ಬ ದೊಡ್ಡವರು, ಮಕ್ಕಳು ನಡುವೆ. ಅಂಚಿನಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಬೇಡ. ತೋಟದ ಕೆರೆಯಲ್ಲಿ ಈಜು ಕಲಿತ ಹುಡುಗರಿಗೆ ಧೈರ್ಯ ಜಾಸ್ತಿ, ಅವರ ಮೇಲೇ ಕಣ್ಣು ಹೆಚ್ಚು ಬೇಕು. ಕೆರೆಯ ನೀರು ಎಳೆಯುವುದಿಲ್ಲ, ಅಳಿವೆಯದ್ದು ಎಳೆಯುತ್ತದೆ. ಆಚೆ ದಡದಲ್ಲಿ ಕಡಲು ನೋಡಿ, ಕಾಲು ಒದ್ದೆ ಮಾಡಿಕೊಳ್ಳಲಿ, ಮೊಣಕಾಲು ಮೀರಬಾರದು. ಬೆಂಗ್ರೆ ಮೀನುಗಾರರ ಊರು. ಮನೆಗಳ ನಡುವಿನ ದಾರಿಯಲ್ಲಿ ನೆಂಟರ ಮನೆಗೆ ಹೋದಂತೆ ನಡೆದುಕೊಳ್ಳಬೇಕು, ಒಣಗಲು ಹಾಕಿದ ಮೀನು, ಬಲೆ ತುಳಿಯಬಾರದು.

ತೀರ ಸಣ್ಣ ಮಕ್ಕಳಿದ್ದು ಮರಳಿನಲ್ಲಿ ಆಡಿಸಬೇಕೆಂದಿದ್ದರೆ ಇನ್ನೊಂದು ದಾರಿಯೂ ಇದೆ. ರಿಕ್ಷಾದಲ್ಲಿ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ, ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲುಗೋಪುರ ನೋಡಿ, ಅಲ್ಲಿಯ ಕಡವಿನಿಂದ ದಾಟಿದರೆ ತಣ್ಣೀರುಬಾವಿ. ನೆರಳು ಉಂಟು, ಹೊಟ್ಟೆಗೆ ಏನಾದರೂ ಸಿಗುತ್ತದೆ. ಎರಡೂ ದೋಣಿಯನ್ನು ಒಂದೇ ದಿನ ಮಾಡಲು ಹೊರಟರೆ ಸಂಜೆಗೆ ಯಾರಿಗೂ ಮಾತಾಡಲು ಶಕ್ತಿ ಇರುವುದಿಲ್ಲ.

ಮಧ್ಯಾಹ್ನದ ಮೇಲೆ

ಬಂದರಿನೊಳಗೆ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಶೌಚದ ಅನುಕೂಲ ಇಲ್ಲವೆಂದೇ ತಿಳಿದುಕೊಳ್ಳಬೇಕು. ತಿರುಗಾಟ ಕೆಡುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ. ಹೇಳಲು ನಾಚಿ ನೀರು ಕುಡಿಯದೆ ಇದ್ದು ತಲೆ ಸುತ್ತಿಸಿಕೊಂಡವರಿದ್ದಾರೆ. ರೈಲು ನಿಲ್ದಾಣದಲ್ಲಿ ಅಥವಾ ತಿಂಡಿಯ ಹೋಟೆಲಿನಲ್ಲಿ ಮುಗಿಸಿಯೇ ಬಂದರಿಗೆ ಇಳಿಯಿರಿ, ದೋಣಿಯಿಂದ ಬಂದ ಮೇಲೆ ನೇರವಾಗಿ ಹಂಪನಕಟ್ಟೆ ಕಡೆ ಬನ್ನಿ. ಅಲ್ಲಿ ನಾವೂ ಮಾಲ್‌ನ ಪರ. ಕೆ. ಎಸ್. ರಾವ್ ರಸ್ತೆಯ ಮಾಲ್‌ನಲ್ಲಿ ತಂಪು ಗಾಳಿ, ಚೊಕ್ಕ ಶೌಚಾಲಯ, ಕೂರಲು ಜಾಗ, ಮೂರೂ ಪುಕ್ಕಟೆ.

ಊಟಕ್ಕೆ ರಥಬೀದಿ, ಹಂಪನಕಟ್ಟೆಗಳಲ್ಲಿ ಬೇಕಾದಷ್ಟು ಹೋಟೆಲುಗಳಿವೆ, ಬನ್ಸ್, ಗೋಳಿಬಜೆಗೂ ಕೊರತೆಯಿಲ್ಲ. ಐಸ್‌ಕ್ರೀಂ ಈ ಸಲ ಕೂತು ತಿನ್ನುವಂತಾಗಲಿ. 1975ರಲ್ಲಿ ಇಲ್ಲೇ ಶುರುವಾದ ಐಡಿಯಲ್‌ನವರ ಗಡಬಡ್ ಹೇಳಿದರೆ ಎರಡು ಮಕ್ಕಳಿಗೆ ಒಂದು ಸಾಕಾಗುತ್ತದೆ, ಜಗಳ ಬೇಡವೆಂದರೆ ಎರಡು. ಪ್ರತಿಯೊಬ್ಬ ಮಗುವಿಗೂ ಬೆಳಗ್ಗೆಯೇ ಐವತ್ತೋ ನೂರೋ ರೂಪಾಯಿ ಕೊಟ್ಟು, ಇದು ನಿನ್ನದು, ಇದರ ಮೇಲೆ ಕೇಳಬಾರದು ಎಂದರೆ ಅಂಗಡಿ ಮುಂದಿನ ಅಳು ತಪ್ಪುತ್ತದೆ. ಜೇಬಿನಲ್ಲಿ ಮನೆಯವರ ಫೋನ್ ನಂಬ್ರ ಬರೆದ ಚೀಟಿಯೂ ಇರಲಿ. ಬಂದರಿನ ಓಣಿಗಳಲ್ಲಿ ಹಿಂದಕ್ಕೆ ಬರುವ ಲಾರಿ, ತಲೆಹೊರೆಯ ಹಮಾಲಿಗಳ ನಡುವೆ ಕೈ ತಪ್ಪುವುದಕ್ಕೆ ಒಂದು ಕ್ಷಣ ಸಾಕು. ತಪ್ಪಿಹೋದರೆ ಓಡಬೇಡ, ನಿಂತಲ್ಲೇ ನಿಲ್ಲು, ಹತ್ತಿರದ ಅಂಗಡಿಯವರಲ್ಲಿ ಚೀಟಿ ತೋರಿಸು ಎಂದು ಮನೆಯಲ್ಲೇ ಹೇಳಿಕೊಟ್ಟಿರಬೇಕು.

ಊಟದ ಮೇಲೆ ಶಕ್ತಿ ಉಳಿದವರು ಬಾವುಟಗುಡ್ಡೆ ಹತ್ತಿ ಸಂತ ಅಲೋಶಿಯಸ್ ಚಾಪೆಲ್ ನೋಡಬಹುದು. ಇಟಲಿಯ ಅಂತೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಮಾಡು ಬಿಡದೆ ಬರೆದ ಚಿತ್ರಗಳು. ಒಳಗೆ ತಂಪು, ಮಕ್ಕಳು ತಲೆ ಎತ್ತಿಕೊಂಡೇ ಅರ್ಧ ಗಂಟೆ ಸುಮ್ಮನಿರುತ್ತಾರೆ, ದೊಡ್ಡವರಿಗೂ ಕೂರಲು ಸಿಗುತ್ತದೆ. ಶಕ್ತಿ ಉಳಿಯದವರು ನಾಲ್ಕು ಗಂಟೆಗೆ ಮನೆಯ ಕಡೆ ಹೊರಡುವುದೇ ಸರಿ. ಹೊರಡುವ ಮುಂಚೆ ಬೀಡಾ ಅಂಗಡಿಯೊಂದರ ಮುಂದೆ ನಿಂತು, ಒಂದು ಬೀಡಾಕ್ಕೆ ಎಷ್ಟು ಅಡಿಕೆ ಹಾಕುತ್ತಾರೆ, ಬೆಲೆ ಎಷ್ಟು ಎಂದು ನೋಡಿಸಿ. ಬೆಳಗ್ಗೆ ಮಂಡಿಯಲ್ಲಿ ಕೇಳಿದ ಕಿಲೋ ದರವನ್ನು ಅದಕ್ಕೆ ಹೋಲಿಸುವ ಲೆಕ್ಕವನ್ನು ಹೈಸ್ಕೂಲಿನವರು ಬಸ್ಸಿನಲ್ಲಿ ಮಾಡಲಿ. ಉತ್ತರ ಬಂದ ಮೇಲೆ ಅವರು ಕೇಳುವ ಪ್ರಶ್ನೆಗೆ ತಯಾರಾಗಿರಿ.

ಮಳೆಗಾಲದಲ್ಲಿ ಈ ತಿರುಗಾಟ ಬೇಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮಂಜಿಗಳೂ ಹೊರಡುವುದಿಲ್ಲ, ಹೊಳೆ ಕೆಂಪಾಗಿ ತುಂಬಿರುತ್ತದೆ. ನಮಗೂ ಆಗ ಬೋರ್ಡೋ ಸಿಂಪಡಣೆಯ ಕಾಲ. ಹೊಳವು ಬಿದ್ದ ಒಂದು ದಿನ ಮಕ್ಕಳು ಬಿಡದಿದ್ದರೆ ಪಿಲಿಕುಳದ ಶಿವರಾಮ ಕಾರಂತ ನಿಸರ್ಗಧಾಮಕ್ಕೆ ಹೋಗಿ. ಪ್ರಾಣಿಗಳ ಜತೆ ವಿಜ್ಞಾನ ಕೇಂದ್ರ, 2018ರಲ್ಲಿ ತೆರೆದ ತಾರಾಲಯ, ಹಳೆಯ ಗುತ್ತಿನ ಮನೆಯ ಮಾದರಿ ಎಲ್ಲ ಇವೆ, ಮಳೆ ಬಂದರೆ ಒಳಗೆ ನಿಲ್ಲಬಹುದು. ಮೃಗಾಲಯಕ್ಕೆ ಸೋಮವಾರ ರಜೆ.